ಟ್ರ್ಯಾಕ್ಟರ್ ಸಾಕೆಟ್‌ಗೆ ಟ್ರೇಲರ್ ಲೈಟು ಕೂಡಿಸುವುದು ಹೇಗೆ: ಏಳು ಪಿನ್ನಿನ ಪೂರ್ತಿ ಲೆಕ್ಕ

ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಮುಚ್ಚಳ ಇರುವ ಒಂದು ಗುಂಡನೆಯ ಸಾಕೆಟ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದನ್ನು ಶೋರೂಮ್ ಬಿಟ್ಟ ಮೇಲೆ ಯಾರೂ ಮುಟ್ಟಿರುವುದಿಲ್ಲ. ಒಳಗೆ ಮಣ್ಣು ಕೂತಿರುತ್ತದೆ. ಟ್ರೇಲರ್ ಕಡೆ ನೋಡಿದರೆ ಲೈಟೇ ಇಲ್ಲ, ಇದ್ದರೂ ವೈರಿನ ತುದಿ ಟೋ ಪಿನ್ (ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಗೂಟ) ಹತ್ತಿರ ನೇತಾಡುತ್ತಿರುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ರಾತ್ರಿ ಬೈಕ್ ಓಡಿಸಿದವರಿಗೆ ಇದು ಎಷ್ಟು ಅಪಾಯ ಅಂತ ಬೇರೆ ಹೇಳಬೇಕಿಲ್ಲ.

ಕಾನೂನಿನ ಲೆಕ್ಕದಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲಿಂದ, ಹುಟ್ಟಲು ಅರ್ಧ ಗಂಟೆ ಇರುವವರೆಗೆ ರಸ್ತೆ ಮೇಲಿನ ಗಾಡಿಯ ದೀಪಗಳು ಹೊತ್ತಿರಲೇಬೇಕು. ಆದರೆ ಪೊಲೀಸರ ಭಯಕ್ಕಿಂತ ದೊಡ್ಡ ಕಾರಣ ಹಿಂದೆ ಬರುವವರ ಜೀವ. ಕೆಲಸವೂ ದೊಡ್ಡದಲ್ಲ. ಅರ್ಧ ದಿನ, ಒಬ್ಬ ಜೊತೆಗಾರ, ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಮಾಡಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ವೈರಿನ ಬಣ್ಣ ನೋಡಿ ಬಣ್ಣಕ್ಕೆ ಬಣ್ಣ ಜೋಡಿಸಬೇಡಿ. ನಮ್ಮಲ್ಲಿ ಟ್ರೇಲರ್ ಕಟ್ಟುವವರು ಅಂಗಡಿಯಲ್ಲಿ ಯಾವ ಬಣ್ಣ ಸಿಕ್ಕಿತೋ ಅದನ್ನೇ ಎಳೆದಿರುತ್ತಾರೆ. ಯಾವ ವೈರು ಯಾವ ಕೆಲಸ ಮಾಡುತ್ತದೆ ಅಂತ ಬಲ್ಬು ಉರಿಸಿ ನೋಡಿ, ಕೆಲಸಕ್ಕೆ ಕೆಲಸ ಜೋಡಿಸಿ. ಬಣ್ಣ ನಂಬಿ ಕೂಡಿಸಿದ ಮೇಲೆ ತಪ್ಪು ಹುಡುಕುವುದಕ್ಕೆ ಇದರ ಮೂರು ಪಟ್ಟು ಹೊತ್ತು ಬೇಕು.

ಯಾವ ಪಿನ್ನಿಗೆ ಯಾವ ಕೆಲಸ

12 ವೋಲ್ಟಿನ ಏಳು ಪಿನ್ ಸಾಕೆಟ್ಟಿಗೆ ಐಎಸ್‌ಒ 1724 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಜೋಡಣೆ ಹೀಗೆ:

1, ಹಳದಿ: ಎಡ ಇಂಡಿಕೇಟರ್
2, ನೀಲಿ: ಹಿಂಬದಿ ಫಾಗ್ ಲೈಟ್
3, ಬಿಳಿ: ಅರ್ಥ್ (ಕರೆಂಟು ವಾಪಸ್ ಹೋಗುವ ದಾರಿ)
4, ಹಸಿರು: ಬಲ ಇಂಡಿಕೇಟರ್
5, ಕಂದು: ಬಲ ಟೇಲ್ ಲೈಟ್
6, ಕೆಂಪು: ಬ್ರೇಕ್ ಲೈಟ್, ಎರಡೂ ಕಡೆಗೆ
7, ಕಪ್ಪು: ಎಡ ಟೇಲ್ ಲೈಟ್

ಒಂದರಿಂದ ಆರು ಸುತ್ತ ಇರುತ್ತವೆ, ಏಳನೆಯದು ನಡುವೆ. ಅಂಕಿಗಳು ಪ್ಲಾಸ್ಟಿಕ್ಕಿನ ಮೇಲೆ ಸಣ್ಣದಾಗಿ ಅಚ್ಚಾಗಿರುತ್ತವೆ, ಟಾರ್ಚ್ ಹಿಡಿದು ನೋಡಿ. ಕೆಲವು ಸಾಕೆಟ್ ಮೇಲೆ ಅಂಕಿಗಳ ಬದಲು ಬೇರೆ ಗುರುತು ಇರುತ್ತದೆ. ಅಲ್ಲಿ 31 ಅಂದರೆ ಅರ್ಥ್, 54 ಅಂದರೆ ಬ್ರೇಕ್, 58 ಅಂದರೆ ಟೇಲ್ ಲೈಟ್, ಎಲ್ ಮತ್ತು ಆರ್ ಅಂದರೆ ಎಡ ಬಲ. ನಮ್ಮ ಟ್ರ್ಯಾಕ್ಟರುಗಳಲ್ಲಿ ಎರಡನೇ ಪಿನ್ನಿಗೆ ಫಾಗ್ ಲೈಟ್ ಬದಲು ಬೇರೇನೋ ಕೊಟ್ಟಿರಬಹುದು, ಖಾಲಿಯೂ ಇರಬಹುದು. ಹಾಗಾಗಿ ಅದನ್ನು ಸುಮ್ನೆ ಬಿಟ್ಟುಬಿಡಿ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಸಾಕೆಟ್ಟಿನ ಮುಖ ಮತ್ತು ಪ್ಲಗ್ಗಿನ ಮುಖ ಕನ್ನಡಿ ಬಿಂಬದ ಹಾಗೆ ತಿರುವುಮುರುವು. ಸಾಕೆಟ್ಟಿನಲ್ಲಿ ಎಡಗಡೆ ಕಾಣುವ ಪಿನ್ನು ಪ್ಲಗ್ಗಿನ ಮುಖದಲ್ಲಿ ಬಲಗಡೆ ಬರುತ್ತದೆ. ಆದರೆ ನಾವು ವೈರು ಸಿಕ್ಕಿಸುವುದು ಪ್ಲಗ್ಗಿನ ಹಿಂಭಾಗಕ್ಕೆ, ಅಲ್ವಾ? ಅಲ್ಲಿ ಮತ್ತೆ ಸಾಕೆಟ್ ಮುಖದ ಕ್ರಮವೇ ಬರುತ್ತದೆ. ಜಾಗ ನೆನಪಿಟ್ಟುಕೊಳ್ಳಲು ಹೋಗದೆ ಅಚ್ಚಾಗಿರುವ ಅಂಕಿ ನೋಡಿಯೇ ಕೂಡಿಸಿ.

ಮೊಬೈಲಿನಲ್ಲಿ ವಿಡಿಯೋ ನೋಡಿ ಮಾಡುವವರು ಇದನ್ನೂ ಗಮನಿಸಿ. ಹೆಚ್ಚಿನವು ಅಮೆರಿಕದವು. ಅಲ್ಲಿನ ನಾಲ್ಕು ವೈರಿನ ಚಪ್ಪಟೆ ಕನೆಕ್ಟರಿನಲ್ಲಿ ಬಿಳಿ ಅರ್ಥ್, ಕಂದು ಎರಡೂ ಟೇಲ್ ಲೈಟ್, ಹಳದಿಯಲ್ಲಿ ಎಡ ಇಂಡಿಕೇಟರ್ ಮತ್ತು ಬ್ರೇಕ್ ಎರಡೂ, ಹಸಿರಿನಲ್ಲಿ ಬಲದ್ದು ಹಾಗೇ. ಅಂದರೆ ಒಂದೇ ಬಲ್ಬು ಬ್ರೇಕಿಗೂ ಇಂಡಿಕೇಟರಿಗೂ ಉರಿಯುತ್ತದೆ. ನಮ್ಮ ಗಾಡಿಗಳಲ್ಲಿ ಎರಡೂ ಬೇರೆ ಬೇರೆ. ಅಂಥ ನಾಲ್ಕು ವೈರಿನ ಕಿಟ್ ತಂದರೆ ನಮ್ಮ ಆರನೇ ಪಿನ್ನಿನ ಬ್ರೇಕ್ ವೈರಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಕಿಟ್ ತರಿಸುವಾಗ ವೈರು ಎಷ್ಟು ಅಂತ ಎಣಿಸಿ.

ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಲಾರಿ ಸಾಕೆಟ್ ತರುವುದೂ ಬೇಡ. ಲಾರಿಯದು 24 ವೋಲ್ಟಿನ ವ್ಯವಸ್ಥೆ, ಐಎಸ್‌ಒ 1185. ಅದರಲ್ಲೂ ಏಳೇ ಪಿನ್ನು, ಬಣ್ಣಗಳೂ ಅವೇ, ಆದರೆ ಅಂಕಿಗಳ ಕ್ರಮ ಪೂರ್ತಿ ಬೇರೆ. ಅಲ್ಲಿ ಅರ್ಥ್ ಇರುವುದು ಒಂದನೇ ಪಿನ್ನಿಗೆ, ಬ್ರೇಕ್ ನಾಲ್ಕಕ್ಕೆ. ಲಾರಿಯ 24 ವೋಲ್ಟ್ ಬಲ್ಬನ್ನು ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಿದರೆ ಮಂಕಾಗಿ ಉರಿಯುತ್ತದೆ. ವೈರಿಂಗ್ ಎಲ್ಲ ಸರಿಯಿದ್ದೂ ಬೆಳಕು ಸಾಲದು ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಬಲ್ಬಿನ ಕತ್ತಿನ ಮೇಲೆ ಬರೆದಿದ್ದನ್ನು ಓದಬೇಕು.

ಬೇಕಾದ ಸಾಮಾನು

ಏಳು ಪಿನ್ ಪ್ಲಗ್, ಏಳು ಎಳೆಯ ಟ್ರೇಲರ್ ಕೇಬಲ್, ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ), ಕೇಬಲ್ ಟೈ, ಚಾಸಿಸ್ ಮೇಲೆ ಹಾಯಿಸಲು ಅರ್ಧ ಇಂಚಿನ ಪಿವಿಸಿ ಪೈಪು. ಉಪಕರಣದಲ್ಲಿ ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಎಮರಿ ಹಾಳೆ. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್.

ಟೆಸ್ಟ್ ಲ್ಯಾಂಪ್ ನೀವೇ ಮಾಡಿಕೊಳ್ಳಿ. 12 ವೋಲ್ಟ್ 21 ವಾಟಿನ ಇಂಡಿಕೇಟರ್ ಬಲ್ಬು, ಒಂದು ಹೋಲ್ಡರ್, ಎರಡು ಉದ್ದ ವೈರು, ತುದಿಗೆ ಕ್ಲಿಪ್ಪು. ಮಲ್ಟಿಮೀಟರ್ ಇದೆಯಲ್ಲ, ಇದೇಕೆ ಅನ್ನಬಹುದು. ಕಾರಣ ಇದೆ. ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನಿಂತಿರುವ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಕರೆಂಟು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. 21 ವಾಟಿನ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ವೈರು ಸೋತಿದ್ದರೆ ಬಲ್ಬು ಮಂಕಾಗಿ ಆಗಲೇ ಹೇಳಿಬಿಡುತ್ತದೆ. ಈ ಕೆಲಸಕ್ಕೆ ನನ್ನ ಮತ ಬಲ್ಬಿಗೇ.

ಮೊದಲು ಟ್ರ್ಯಾಕ್ಟರ್ ಕಡೆ

ಸಾಕೆಟ್ ಒಳಗಿನ ಮಣ್ಣು ಬ್ರಷ್ಷಿನಲ್ಲಿ ತೆಗೆಯಿರಿ. ಹಸಿರು ಪಾಚಿಯಂಥ ಕಿಲುಬು ಕಂಡರೆ ಎಮರಿ ಹಾಳೆಯ ಸಣ್ಣ ಸುರುಳಿ ಮಾಡಿ ಉಜ್ಜಿ. ದಪ್ಪ ಸ್ಕ್ರೂಡ್ರೈವರ್ ತುರುಕಬೇಡಿ, ಒಳಗಿನ ಹಿಡಿತ ಅಗಲವಾಗಿ ಪ್ಲಗ್ಗು ಸಡಿಲವಾಗುತ್ತದೆ. ಇದು ಮುಗಿದ ಮೇಲೆ ಗಾಡಿಯ ಪಾರ್ಕಿಂಗ್ ಬ್ರೇಕ್ ಹಾಕಿ, ಇಂಜಿನ್ ಆಫ್ ಇರಲಿ, ಕೀ ಆನ್ ಮಾಡಿ. ಜೊತೆಗಾರನನ್ನು ಸೀಟಿನ ಮೇಲೆ ಕೂರಿಸಿ.

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಣ್ಣ ಇಲ್ಲದ ಶುದ್ಧ ಲೋಹದ ಬಾಡಿಗೆ ಕಚ್ಚಿಸಿ. ಇನ್ನೊಂದು ತುದಿಯನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತ ಹೋಗಿ. ಜೊತೆಗಾರ ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಪಾರ್ಕಿಂಗ್ ಲೈಟ್, ಬ್ರೇಕ್, ಹೀಗೆ ಒಂದಾದ ಮೇಲೆ ಒಂದು ಕೊಡಲಿ. ಯಾವುದಕ್ಕೆ ಯಾವ ಪಿನ್ನು ಉರಿಯಿತು ಅಂತ ಪೇಪರ್ ಮೇಲೆ ಬರೆಯಿರಿ. ಟ್ರ್ಯಾಕ್ಟರಿನಲ್ಲಿ ಎಡ ಬಲ ಎರಡು ಬ್ರೇಕ್ ಪೆಡಲ್ ಇರುವುದರಿಂದ ನಡುವಿನ ಕೊಂಡಿ ಹಾಕಿ ಎರಡನ್ನೂ ಒಟ್ಟಿಗೆ ಒತ್ತಿಸಬೇಕು. ಒಂದೇ ಪೆಡಲ್ ಒತ್ತಿದರೆ ಕೆಲವು ಗಾಡಿಗಳಲ್ಲಿ ಬ್ರೇಕ್ ಲೈಟ್ ಸ್ವಿಚ್ ಕೆಲಸ ಮಾಡದೆ ಇರಬಹುದು. ರಸ್ತೆ ಮೇಲೆ ಟ್ರೇಲರ್ ಎಳೆಯುವಾಗ ಹೇಗೂ ಆ ಕೊಂಡಿ ಹಾಕಿಯೇ ಇರಬೇಕು.

ಈಗ ಮುಖ್ಯವಾದ ಪರೀಕ್ಷೆ. ಪಾರ್ಕಿಂಗ್ ಲೈಟ್ ಹಾಕಿಸಿ, ಟೇಲ್ ಲೈಟ್ ಪಿನ್ನಿಗೆ ಒಂದು ತುದಿ ಹಾಗೇ ಇರಲಿ. ಬಾಡಿಗೆ ಕಚ್ಚಿಸಿದ್ದ ತುದಿಯನ್ನು ತೆಗೆದು ಮೂರನೇ ಪಿನ್ನಿಗೆ ಮುಟ್ಟಿಸಿ. ಬಾಡಿಯ ಲೋಹಕ್ಕೆ ಕಚ್ಚಿಸಿದ್ದಾಗ ಎಷ್ಟು ಜೋರಾಗಿ ಉರಿಯಿತೋ ಅಷ್ಟೇ ಉರಿದರೆ ಅರ್ಥ್ ಚೆನ್ನಾಗಿದೆ. ಮಂಕಾದರೆ ಸಾಕೆಟ್ಟಿನ ಅರ್ಥ್ ವೈರು ಕೆಟ್ಟಿದೆ. ಅದನ್ನು ಸರಿ ಮಾಡದೆ ಮುಂದೆ ಹೋಗಬೇಡಿ. ಸಾಕೆಟ್ ಹಿಂದಿನಿಂದ ಹೊಸ ವೈರು ತೆಗೆದು, ಚಾಸಿಸ್ಸಿನ ಒಂದು ಬೋಲ್ಟ್ ಬಿಚ್ಚಿ, ಪೇಂಟ್ ಕೆರೆದು, ಲಗ್ ಹಾಕಿ ಬಿಗಿ ಮಾಡಿ.

ಯಾವ ಪಿನ್ನೂ ಉರಿಯದಿದ್ದರೆ ಫ್ಯೂಸ್ ನೋಡಿ. ಅಲ್ಲಿ ಯಾರೋ ತಾಮ್ರದ ಎಳೆ ಸುತ್ತಿಟ್ಟಿದ್ದರೆ ತೆಗೆದು ಸರಿಯಾದ ಆಂಪಿಯರಿನ ಫ್ಯೂಸ್ ಹಾಕಿ. ತಾಮ್ರದ ಎಳೆ ಫ್ಯೂಸಿನ ಹಾಗೆ ಹೋಗುವುದಿಲ್ಲ, ವೈರಿಂಗೇ ಹೋಗುತ್ತದೆ.

ಆಮೇಲೆ ಟ್ರೇಲರ್ ಕಡೆ

ಇದನ್ನು ಟ್ರ್ಯಾಕ್ಟರಿಗೆ ಕೂಡಿಸದೆ, ಬೇರೆ ಬ್ಯಾಟರಿ ಇಟ್ಟುಕೊಂಡು ಮಾಡಿ. ಬೈಕಿನ 12 ವೋಲ್ಟ್ ಬ್ಯಾಟರಿಯೂ ಸಾಕು. ಪಾಸಿಟಿವ್ ವೈರಿನಲ್ಲಿ 10 ಆಂಪಿಯರಿನ ಒಂದು ಫ್ಯೂಸ್ ಇರಲಿ, ಎಲ್ಲೋ ಶಾರ್ಟ್ ಇದ್ದರೆ ಕೈ ಸುಡುವುದು ತಪ್ಪುತ್ತದೆ. ನೆಗೆಟಿವ್ ಅನ್ನು ಟ್ರೇಲರಿನ ಅರ್ಥ್ ವೈರಿಗೆ ಕೊಟ್ಟು, ಪಾಸಿಟಿವ್ ಅನ್ನು ಒಂದೊಂದು ವೈರಿಗೂ ಮುಟ್ಟಿಸಿ ಹಿಂದೆ ಯಾವ ಲೈಟ್ ಹೊತ್ತಿತು ಅಂತ ಬರೆದುಕೊಳ್ಳಿ. ಪ್ರತಿ ವೈರಿಗೂ ಬಿಳಿ ಟೇಪ್ ಸುತ್ತಿ ಹೆಸರು ಬರೆದರೆ ಇನ್ನೂ ಒಳ್ಳೆಯದು.

ಹಳೆ ಟ್ರೇಲರುಗಳಲ್ಲಿ ಅರ್ಥ್ ವೈರೇ ಇರುವುದಿಲ್ಲ. ಬಲ್ಬು ಹೋಲ್ಡರ್ ಬಾಡಿಗೆ, ಬಾಡಿ ಟೋ ಪಿನ್ನಿಗೆ, ಟೋ ಪಿನ್ ಟ್ರ್ಯಾಕ್ಟರಿಗೆ, ಹೀಗೆ ಸಾಗುತ್ತದೆ ಅನ್ನುವ ನಂಬಿಕೆ. ಟೋ ಪಿನ್ ತೂತಿನಲ್ಲಿ ಅಲ್ಲಾಡುತ್ತಿರುತ್ತದೆ, ಅದಕ್ಕೆ ಗ್ರೀಸ್ ಬೇರೆ. ಹಳ್ಳ ಹತ್ತಿ ಇಳಿದಾಗಲೆಲ್ಲ ಲೈಟ್ ಹೋಗಿ ಬರುತ್ತದೆ. ಟಿಪ್ಪಿಂಗ್ ಟ್ರೇಲರ್ ಆದರೆ ತೊಟ್ಟಿಗೂ ಚಾಸಿಸ್ಸಿಗೂ ನಡುವೆ ಇರುವುದು ಬರೀ ಕೀಲು, ಅದೂ ನಂಬುವ ಹಾಗಿಲ್ಲ. ಆದ್ದರಿಂದ ಪ್ಲಗ್ಗಿನ ಮೂರನೇ ಪಿನ್ನಿನಿಂದ ಎರಡೂ ಲೈಟಿನವರೆಗೆ ಅರ್ಥ್ ವೈರನ್ನೇ ಎಳೆಯಿರಿ.

ಅರ್ಥ್ ಅನ್ನುವುದು ಗದ್ದೆಯ ಬಸಿಗಾಲುವೆ ಇದ್ದ ಹಾಗೆ. ಎಲ್ಲ ಮಡಿಗಳ ನೀರೂ ಕೊನೆಗೆ ಅದರಲ್ಲೇ ಹೋಗಬೇಕು, ಹಾಗಾಗಿ ಅದು ಅಗಲ ಇರಬೇಕು. ಲೆಕ್ಕ ಹಾಕಿ ನೋಡಿ. ಎರಡು ಬ್ರೇಕ್ ಬಲ್ಬಿಗೆ 3.5 ಆಂಪಿಯರ್, ಒಂದು ಇಂಡಿಕೇಟರಿಗೆ 1.75, 5 ವಾಟಿನ ಎರಡು ಟೇಲ್ ಬಲ್ಬಿಗೆ 0.8. ಒಟ್ಟು ಸುಮಾರು 6 ಆಂಪಿಯರ್ ಒಂದೇ ಅರ್ಥ್ ವೈರಿನಲ್ಲಿ ವಾಪಸ್ ಬರಬೇಕು. ವೈರಿನ ಉದ್ದ 6 ಮೀಟರ್ ಅಂತಿಟ್ಟುಕೊಳ್ಳಿ. ಅದು 0.5 ಚದರ ಮಿಲಿಮೀಟರಿನ ತೆಳು ವೈರಾದರೆ ಅದರಲ್ಲೇ 1.2 ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟು ಅಷ್ಟೇ. ಅರ್ಥಿಗೆ 2.5, ಉಳಿದವಕ್ಕೆ 1 ಅಥವಾ 1.5 ಹಾಕಿ. ಮನೆ ವೈರಿಂಗಿನ ಒಂದೇ ಗಟ್ಟಿ ಎಳೆಯ ವೈರು ಬೇಡವೇ ಬೇಡ, ಕುಲುಕಾಟಕ್ಕೆ ತುಂಡಾಗುತ್ತದೆ. ತುಂಬ ಎಳೆಗಳಿರುವ ಮೆತ್ತನೆಯ ವೈರೇ ಬೇಕು.

ಕೂಡಿಸುವುದು

ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಳ್ಳಿ. ಟ್ರ್ಯಾಕ್ಟರಿನ ನಿಮ್ಮ ಪಟ್ಟಿ ಮೇಲೆ ಹೇಳಿದ ಮಾನದಂಡಕ್ಕೆ ಹೊಂದಿದರೆ ಸರಿ. ಹೊಂದದಿದ್ದರೆ, ಅಂದರೆ ಹಿಂದೆ ಯಾರೋ ಸಾಕೆಟ್ ಬದಲಿಸಿ ಅದಲುಬದಲು ಮಾಡಿದ್ದರೆ, ಏನು ಮಾಡಬೇಕು? ಸುಲಭದ ದಾರಿ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡುವುದು. ಅದನ್ನು ಮಾಡಬೇಡಿ. ನಾಳೆ ಪಕ್ಕದ ತೋಟದವರು ನಿಮ್ಮ ಟ್ರೇಲರ್ ಕೇಳಿ ಒಯ್ಯುತ್ತಾರೆ, ಅವರ ಟ್ರ್ಯಾಕ್ಟರಿಗೆ ಕೂಡಿಸಿದರೆ ಎಡಕ್ಕೆ ಹಾಕಿದಾಗ ಬ್ರೇಕ್ ಲೈಟ್ ಮಿನುಗುತ್ತದೆ. ಸಾಕೆಟ್ಟನ್ನೇ ಮಾನದಂಡದ ಪ್ರಕಾರ ಸರಿ ಮಾಡಿ, ಆಮೇಲೆ ಪ್ಲಗ್ ಕಟ್ಟಿ.

ಪ್ಲಗ್ ಬಿಚ್ಚಿದ ಕೂಡಲೇ ಅದರ ಹಿಂಬದಿ ಕವರು ಮತ್ತು ರಬ್ಬರನ್ನು ಕೇಬಲ್ಲಿಗೆ ಮೊದಲೇ ತೂರಿಸಿಡಿ. ಏಳೂ ವೈರು ಬಿಗಿ ಮಾಡಿದ ಮೇಲೆ ಕವರ್ ನೆನಪಾದರೆ ಎಲ್ಲ ಮತ್ತೆ ಬಿಚ್ಚಬೇಕು. ವೈರಿನ ತುದಿ ಸುಮಾರು 8 ಮಿಲಿಮೀಟರ್ ಸುಲಿದು, ಎಳೆಗಳನ್ನು ತಿರುಚಿ, ಮಡಚಿ, ಸ್ಕ್ರೂ ಕೆಳಗೆ ಹಾಕಿ ಬಿಗಿ ಮಾಡಿ. ಒಂದು ಎಳೆಯೂ ಹೊರಗೆ ಚಾಚಿರಬಾರದು, ಪಕ್ಕದ ಪಿನ್ನಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ. ಕೊನೆಗೆ ಕೇಬಲ್ಲಿನ ಹೊರಗಿನ ಸಿಪ್ಪೆಯನ್ನು ಪ್ಲಗ್ಗಿನ ಕ್ಲಾಂಪಿನಲ್ಲಿ ಹಿಡಿಸಿ, ಎಳೆತ ಸ್ಕ್ರೂಗಳ ಮೇಲೆ ಬೀಳಬಾರದು.

ನಡುವೆ ವೈರಿಗೆ ವೈರು ಜೋಡಿಸಬೇಕಾದರೆ ತಿರುಚಿ ಟೇಪ್ ಸುತ್ತುವುದು ಒಂದು ಮಳೆಗಾಲಕ್ಕೆ ಮಾತ್ರ. ಬೆಸುಗೆ ಹಾಕಿ ಅಥವಾ ಲಗ್ ಒತ್ತಿ, ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ.

ಕೇಬಲ್ ಎಷ್ಟು ಉದ್ದ ಬಿಡಬೇಕು ಅನ್ನುವುದು ಗಾಡಿ ತಿರುಗಿಸಿ ನೋಡಿದರೇ ಗೊತ್ತಾಗುವುದು. ಟ್ರೇಲರ್ ಕಟ್ಟಿ, ಎರಡೂ ಕಡೆಗೆ ಗಾಡಿಯನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಕೇಬಲ್ ಬಿಗಿಯಾಗದೆ ನೆಲಕ್ಕೂ ತಾಗದೆ ಇರುವಷ್ಟು ಸಡಿಲ ಬಿಡಿ. ಪಿಟಿಒ ಶಾಫ್ಟಿನ (ಟ್ರ್ಯಾಕ್ಟರ್ ಹಿಂದೆ ಯಂತ್ರಗಳನ್ನು ಓಡಿಸಲು ತಿರುಗುವ ದಂಡ) ಹತ್ತಿರಕ್ಕೂ ಅದು ಸುಳಿಯಬಾರದು. ಟಿಪ್ಪಿಂಗ್ ಟ್ರೇಲರಿನಲ್ಲಿ ಹೈಡ್ರಾಲಿಕ್ ಪೈಪಿನ ಜೊತೆಗೇ ಕಟ್ಟಿಕೊಂಡು ಹೋಗುವುದು ಸಲೀಸು.

ಲೈಟನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದೂ ಮುಖ್ಯ. ಹಿಂದಿನ ಬಾಗಿಲಿನ ಮೇಲೆ ಕೂರಿಸಿದರೆ ಬಾಗಿಲು ಕೆಳಗೆ ಬಿಟ್ಟಾಗ ಕಾಣುವುದಿಲ್ಲ. ಚಾಸಿಸ್ಸಿನ ಹಿಂದಿನ ಅಡ್ಡಪಟ್ಟಿಯಲ್ಲಿ, ಸ್ವಲ್ಪ ಒಳಕ್ಕೆ ಕೂರಿಸಿ, ಮುಂದೆ ಸರಳಿನ ಜಾಲರಿ ಬೆಸೆಯಿರಿ. ಕಬ್ಬು ತುಂಬಿದಾಗ ಮಾತ್ರ ಇದೂ ಸಾಲದು, ಜಲ್ಲೆಗಳು ಹಿಂದಕ್ಕೆ ಚಾಚಿ ಲೈಟನ್ನೇ ಮುಚ್ಚುತ್ತವೆ. ಅದಕ್ಕೆ ಒಂದು ಹಲಗೆಗೆ ಎರಡು ಲೈಟ್ ಕೂರಿಸಿ, ಉದ್ದ ಕೇಬಲ್ ಕೊಟ್ಟು, ಹೊರೆಯ ತುದಿಗೆ ಹಗ್ಗದಲ್ಲಿ ಕಟ್ಟುವುದು ಒಳ್ಳೆ ಉಪಾಯ. ಇಳಿಸುವಾಗ ಬಿಚ್ಚಿ ಒಳಗಿಡಬಹುದು. ಲೈಟ್ ಜೊತೆಗೆ ಹಿಂದೆ ಕೆಂಪು, ಬದಿಗಳಿಗೆ ಹಳದಿ, ಮುಂದೆ ಬಿಳಿ ರಿಫ್ಲೆಕ್ಟರ್ ಟೇಪ್ ಅಂಟಿಸಿ. ಕೆಟ್ಟು ನಿಂತ ಗಾಡಿಯಲ್ಲಿ ಬ್ಯಾಟರಿ ಸತ್ತರೂ ಟೇಪ್ ಹೊಳೆಯುತ್ತದೆ.

ಪರೀಕ್ಷೆ ಮತ್ತು ತೊಂದರೆ

ಮೊದಲು ಒಂದೊಂದೇ ಲೈಟ್ ಹಾಕಿ ನೋಡಿ. ಆಮೇಲೆ ಪಾರ್ಕಿಂಗ್ ಲೈಟ್, ಬ್ರೇಕ್, ಎಡ ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿ ನೋಡಿ. ಒಂದೊಂದೇ ಹಾಕಿದಾಗ ಅಡಗಿರುವ ತಪ್ಪು ಇಲ್ಲಿ ಹೊರಗೆ ಬರುತ್ತದೆ.

ಇಂಡಿಕೇಟರ್ ಮಿನುಗುವಾಗ ಟೇಲ್ ಲೈಟೂ ಅದರ ಜೊತೆ ಏರಿಳಿದರೆ, ಬ್ರೇಕ್ ಒತ್ತಿದಾಗ ಎಲ್ಲ ಲೈಟೂ ಮಂಕಾಗಿ ಒಟ್ಟಿಗೆ ಹೊತ್ತಿದರೆ, ನೇರ ಅರ್ಥ್ ಹತ್ತಿರ ಹೋಗಿ. ಅರ್ಥ್ ದಾರಿ ಮುಚ್ಚಿದಾಗ ಕರೆಂಟು ಬೇರೆ ಬಲ್ಬುಗಳ ಮೂಲಕ ವಾಪಸ್ ದಾರಿ ಹುಡುಕುತ್ತದೆ, ಅದಕ್ಕೇ ಈ ದೆವ್ವದಾಟ. ಒಂದು ಜಂಪರ್ ವೈರಿನಿಂದ ಟ್ರೇಲರ್ ಲೈಟಿನ ಹೋಲ್ಡರಿಗೂ ಟ್ರ್ಯಾಕ್ಟರ್ ಬಾಡಿಗೂ ನೇರ ಜೋಡಿಸಿ. ಆಟ ನಿಂತರೆ ರೋಗ ಸಿಕ್ಕಿತು.

ಬ್ರೇಕ್ ಒತ್ತಿದಾಗ ಮಂಕು, ಪಾರ್ಕಿಂಗ್ ಹಾಕಿದಾಗ ಜೋರು ಅಂತಾದರೆ ಎರಡು ತಂತಿಯ ಬಲ್ಬಿನ ಹೋಲ್ಡರಿನಲ್ಲಿ ವೈರು ಅದಲುಬದಲಾಗಿದೆ. ಈ 21/5 ವಾಟಿನ ಬಲ್ಬಿನ ಕತ್ತಿನ ಎರಡು ಮೊಳೆ ಒಂದೇ ಎತ್ತರದಲ್ಲಿ ಇರುವುದಿಲ್ಲ, ತಿರುಗಿಸಿ ಹಾಕಬಾರದು ಅಂತಲೇ ಹಾಗೆ ಮಾಡಿದ್ದು. ಬಲವಂತವಾಗಿ ತುರುಕಿದ್ದರೂ ಇದೇ ತೊಂದರೆ ಬರುತ್ತದೆ.

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಟ್ರೇಲರ್ ಕೂಡಿಸಿದ ಮೇಲೆ ತೀರಾ ಬೇಗ ಮಿನುಗಿದರೆ ಫ್ಲ್ಯಾಷರ್, ಅಂದರೆ ಇಂಡಿಕೇಟರನ್ನು ಮಿನುಗಿಸುವ ಡಬ್ಬಿ, ನೋಡಿ. ಕಾಯುವ ತಗಡಿನ ಹಳೆ ಫ್ಲ್ಯಾಷರುಗಳು ಹೊರೆ ಜಾಸ್ತಿಯಾದರೆ ಬೇಗ ಕಾದು ಬೇಗ ಮಿನುಗುತ್ತವೆ. ಎಲೆಕ್ಟ್ರಾನಿಕ್ ಫ್ಲ್ಯಾಷರಿನಲ್ಲಿ ಬೇಗ ಮಿನುಗಿದರೆ ಎಲ್ಲೋ ಒಂದು ಬಲ್ಬು ಹೋಗಿದೆ ಅಂತ ಅರ್ಥ. ಮೊದಲನೆಯದಕ್ಕೆ ಟ್ರೇಲರ್ ಹೊರೆಗೂ ಆಗುವ ಫ್ಲ್ಯಾಷರ್ ಕೇಳಿ ತನ್ನಿ, ಎರಡನೆಯದಕ್ಕೆ ಬಲ್ಬು ಬದಲಿಸಿ.

ಎಲ್‌ಇಡಿ ಹಾಕುವವರು ಪಾಸಿಟಿವ್ ನೆಗೆಟಿವ್ ಸರಿಯಾಗಿ ಕೊಡಬೇಕು, ತಿರುವುಮುರುವಾದರೆ ಹೊತ್ತುವುದೇ ಇಲ್ಲ. ಕುಲುಕಾಟಕ್ಕೆ ಬಲ್ಬಿನ ತಂತಿ ಹರಿಯುವ ಕಾಟ ಇದರಲ್ಲಿ ಇಲ್ಲ, ಹೊಲದ ದಾರಿಗೆ ಇದೇ ವಾಸಿ.

ಎರಡು ಟ್ರೇಲರ್ ಎಳೆಯುವವರಿಗೆ

ಉತ್ತರ ಕರ್ನಾಟಕದ ಕಬ್ಬಿನ ಸಾಗಾಟದಲ್ಲಿ ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟುವುದು ರೂಢಿ. ಆಗ ಮೊದಲ ಟ್ರೇಲರಿನ ಹಿಂದೆಯೂ ಒಂದು ಸಾಕೆಟ್ ಬೇಕು, ಪ್ಲಗ್ಗಿನಿಂದ ಬಂದ ಏಳೂ ವೈರು ಪಿನ್ನಿಗೆ ಪಿನ್ ಅಲ್ಲಿಗೆ ತಲುಪಬೇಕು. ಕೊನೆಯ ಟ್ರೇಲರಿನ ಲೈಟೇ ಹಿಂದಿನವರಿಗೆ ಕಾಣುವುದು, ಅದರಲ್ಲೇ ಲೈಟ್ ಇಲ್ಲದೆ ಮುಂದಿನದರಲ್ಲಿ ಇದ್ದು ಏನು ಪ್ರಯೋಜನ? ಹೊರೆಯ ಲೆಕ್ಕವನ್ನೂ ಹಾಕಿಕೊಳ್ಳಿ. ಟ್ರ್ಯಾಕ್ಟರಿನ ಎರಡು, ಟ್ರೇಲರುಗಳ ನಾಲ್ಕು, ಒಟ್ಟು ಆರು ಬ್ರೇಕ್ ಬಲ್ಬು ಅಂದರೆ 126 ವಾಟ್, ಹತ್ತೂವರೆ ಆಂಪಿಯರ್. ಬ್ರೇಕ್ ಸ್ವಿಚ್ಚೂ ಫ್ಯೂಸೂ ಇಷ್ಟಕ್ಕೆ ತಡೆಯುತ್ತವೆಯೇ ನೋಡಿ. ತಡೆಯುವುದಿಲ್ಲ ಅನ್ನಿಸಿದರೆ ದೊಡ್ಡ ಫ್ಯೂಸ್ ಹಾಕಬೇಡಿ, ಟ್ರೇಲರುಗಳ ಲೈಟನ್ನು ಎಲ್‌ಇಡಿಗೆ ಬದಲಿಸಿ. ಇಲ್ಲವೇ ಬ್ಯಾಟರಿಯಿಂದ ಬೇರೆ ಫ್ಯೂಸಿನ ದಾರಿ ತಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಹಾಕಿಸಿ, ಅದಕ್ಕೆ ಆಟೋ ಎಲೆಕ್ಟ್ರಿಷಿಯನ್ನರ ಕೈ ಬೇಕು.

ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನು ನೆಲಕ್ಕೆ ಬಿಡದೆ ಎಳೆಕೋಲಿನ ಮೇಲೆ ಒಂದು ಕೊಕ್ಕೆಗೆ ಸಿಕ್ಕಿಸಿ, ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಗದ್ದೆ ಕೆಸರು ಮಾಡುವ ಅಥವಾ ರೋಟಾವೇಟರ್ ಹೊಡೆಯುವ ಮುಂಚೆ ಸಾಕೆಟ್ಟಿನ ಮುಚ್ಚಳ ಮುಚ್ಚಿದೆಯೇ ನೋಡಿಕೊಳ್ಳಿ. ಮಳೆಗಾಲಕ್ಕೆ ಮೊದಲು ಒಮ್ಮೆ ಪಿನ್ನುಗಳನ್ನು ಒರೆಸಿ ತೆಳ್ಳಗೆ ವ್ಯಾಸಲಿನ್ ಹಚ್ಚಿದರೆ ಕಿಲುಬು ಹಿಡಿಯುವುದು ಕಡಿಮೆ.